ಬಿಪಿ ಇಳಿಸಿದ ಮೇಲೆ ಇನ್ನೇನು? ಸಾರ್ಟನ್ ಮಾತ್ರೆಗಳ ಬಗ್ಗೆ ಸಂಶೋಧನೆ ಏನು ಹೇಳುತ್ತದೆ

ಬಿಪಿ ಮಾತ್ರೆಯ ಹೆಸರು 'ಸಾರ್ಟನ್' ಅಂತ ಮುಗಿಯುತ್ತಿದ್ದರೆ ಅದು ಆಂಜಿಯೋಟೆನ್ಸಿನ್ ರಿಸೆಪ್ಟರ್ ಬ್ಲಾಕರ್ ಎಂಬ ಗುಂಪಿನದು. ಲೋಸಾರ್ಟನ್, ಟೆಲ್ಮಿಸಾರ್ಟನ್, ವಾಲ್ಸಾರ್ಟನ್, ಓಲ್ಮೆಸಾರ್ಟನ್, ಕ್ಯಾಂಡೆಸಾರ್ಟನ್, ಇರ್ಬೆಸಾರ್ಟನ್ ಎಲ್ಲ ಇದೇ ಗುಂಪು. ಡಾಕ್ಟರುಗಳು ಚಿಕ್ಕದಾಗಿ ಎಆರ್‌ಬಿ ಅಂತಾರೆ. ಇವು ಬಿಪಿ ಇಳಿಸುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಚರ್ಚೆ ಇರುವುದು ಉಳಿದ ಮಾತುಗಳ ಬಗ್ಗೆ. ಕಿಡ್ನಿ ಉಳಿಸುತ್ತವೆ, ಶುಗರ್ ಬರದ ಹಾಗೆ ನೋಡಿಕೊಳ್ಳುತ್ತವೆ, ಮರೆವಿನ ಕಾಯಿಲೆ ತಡೆಯುತ್ತವೆ, ಮೈಗ್ರೇನ್ ಕಡಿಮೆ ಮಾಡುತ್ತವೆ ಅಂತ ಒಂದು ಕಡೆ. ಕ್ಯಾನ್ಸರ್ ತರುತ್ತವೆ ಅಂತ ಇನ್ನೊಂದು ಕಡೆ. ಒಂದೇ ಮಾತ್ರೆಯ ಬಗ್ಗೆ ಇಷ್ಟೆಲ್ಲ ಕೇಳಿದರೆ ಯಾರಿಗಾದರೂ ಗೊಂದಲ ಆಗುತ್ತದೆ, ಅಲ್ವಾ?

ಈ ಗೊಂದಲ ಬಿಡಿಸೋಕೆ ಒಂದು ಪ್ರಶ್ನೆ ತುಂಬಾ ಸಹಾಯ ಮಾಡುತ್ತದೆ. ಎರಡು ಗುಂಪಿನ ರೋಗಿಗಳಲ್ಲೂ ಬಿಪಿ ಒಂದೇ ಮಟ್ಟಕ್ಕೆ ಇಳಿದಿದೆ ಅಂತ ಇಟ್ಟುಕೊಳ್ಳಿ. ಆಗ ಸಾರ್ಟನ್ ತಗೊಂಡವರಿಗೆ ಮಾತ್ರ ಹೆಚ್ಚಿಗೆ ಏನಾದರೂ ಸಿಕ್ಕಿತಾ? ಸಿಕ್ಕಿದ್ದರೆ ಅದು ಆ ಮಾತ್ರೆಯದೇ ಗುಣ. ಇಲ್ಲದಿದ್ದರೆ ಅದು ಬಿಪಿ ಇಳಿದಿದ್ದರ ಲಾಭ, ಬೇರೆ ಮಾತ್ರೆಯಿಂದಲೂ ಸಿಗುತ್ತಿತ್ತು.

ಮೊದಲು ಮೈಯೊಳಗೆ ಏನು ನಡೆಯುತ್ತದೆ ನೋಡೋಣ. ಜಾಸ್ತಿ ರಕ್ತ ಹೋದಾಗ, ವಾಂತಿ-ಭೇದಿಯಿಂದ ನೀರು ಕಳೆದುಕೊಂಡಾಗ ಬಿಪಿ ಬೀಳುತ್ತದೆ. ಅದು ಕಿಡ್ನಿಗೆ ಬೇಗ ತಿಳಿಯುತ್ತದೆ. ಕೂಡಲೇ ಕಿಡ್ನಿ ರೆನಿನ್ ಎಂಬ ಕಿಣ್ವವನ್ನು ರಕ್ತಕ್ಕೆ ಬಿಡುತ್ತದೆ. ಲಿವರ್ ತಯಾರಿಸುವ ಆಂಜಿಯೋಟೆನ್ಸಿನೋಜೆನ್ ಎಂಬ ಪ್ರೋಟೀನ್ ರಕ್ತದಲ್ಲಿ ಸದಾ ಓಡಾಡಿಕೊಂಡಿರುತ್ತದೆ, ರೆನಿನ್ ಅದನ್ನು ಕತ್ತರಿಸಿದಾಗ 10 ಅಮೈನೋ ಆಮ್ಲಗಳ ಒಂದು ತುಂಡು ಸಿಗುತ್ತದೆ. ಅದು ಆಂಜಿಯೋಟೆನ್ಸಿನ್-1. ಅದರಿಂದ ಅಂಥ ಕೆಲಸವೇನೂ ಆಗುವುದಿಲ್ಲ. ಆಮೇಲೆ ಎಸಿಇ ಎಂಬ ಇನ್ನೊಂದು ಕಿಣ್ವ ಬರುತ್ತದೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಇದು ಧಾರಾಳವಾಗಿದೆ, ಆ ತುಂಡಿನಿಂದ ಇನ್ನೆರಡು ಅಮೈನೋ ಆಮ್ಲ ತೆಗೆದು ಎಂಟಕ್ಕೆ ಇಳಿಸುತ್ತದೆ. ಈಗ ಸಿಕ್ಕಿದ್ದು ಆಂಜಿಯೋಟೆನ್ಸಿನ್-2. ಅಸಲಿ ಕೆಲಸ ಮಾಡುವುದು ಇದೇ.

ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರೋನ್ ಹೊರಡಿಸಿ ಉಪ್ಪು, ನೀರು ಮೈಯಲ್ಲೇ ಉಳಿಯುವ ಹಾಗೆ ಮಾಡುತ್ತದೆ. ಬಾಯಾರಿಕೆ ಹುಟ್ಟಿಸುತ್ತದೆ. ಜೀವ ಉಳಿಸುವ ವ್ಯವಸ್ಥೆ ಇದು, ಯಾವ ಅನುಮಾನವೂ ಬೇಡ. ತೊಂದರೆ ಶುರುವಾಗುವುದು ರಕ್ತ ಹೋಗದೆ, ನೀರು ಕಡಿಮೆಯಾಗದೆ, ಸುಮ್ನೆ ವರ್ಷಗಟ್ಟಲೆ ಈ ವ್ಯವಸ್ಥೆ ಚಾಲೂ ಇದ್ದಾಗ. ಆಗ ಬಿಪಿ ಏರುವುದಷ್ಟೇ ಅಲ್ಲ. ಹೃದಯದ ಗೋಡೆ ದಪ್ಪಗಾಗುತ್ತದೆ, ಅಂಗಗಳಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ, ಕಿಡ್ನಿಯ ಸೋಸುವ ಜಾಗಗಳು ಹಾಳಾಗುತ್ತಾ ಹೋಗುತ್ತವೆ.

ಆಂಜಿಯೋಟೆನ್ಸಿನ್-2 ಈ ಕೆಲಸಗಳನ್ನೆಲ್ಲ ಮಾಡಿಸುವುದು ಜೀವಕೋಶಗಳ ಮೇಲಿರುವ ಎಟಿ1 ಎಂಬ ರಿಸೆಪ್ಟರ್‌ಗೆ, ಅಂದರೆ ಸಂದೇಶ ಹಿಡಿಯುವ ಜಾಗಕ್ಕೆ, ಅಂಟಿಕೊಂಡು. ಸಾರ್ಟನ್ ಮಾತ್ರೆಗಳು ಹೋಗಿ ಆ ಜಾಗ ಹಿಡಿಯುತ್ತವೆ. ಈ ಎಟಿ1 ರಕ್ತನಾಳದಲ್ಲಿದೆ, ಹೃದಯದಲ್ಲಿದೆ, ಕಿಡ್ನಿಯಲ್ಲಿದೆ, ಅಡ್ರಿನಲ್‌ನಲ್ಲಿದೆ, ಮಿದುಳಿನಲ್ಲೂ ಇದೆ. ಹಾಗಾಗಿ ಈ ಮಾತ್ರೆ ಇನ್ನೂ ಹಲವು ಕಡೆ ಕೆಲಸ ಮಾಡಬಹುದು ಅಂತ ಸಂಶೋಧಕರು ಊಹಿಸಿದ್ದು ತಪ್ಪಲ್ಲ. ಎಟಿ2 ಅಂತ ಇನ್ನೊಂದು ರಿಸೆಪ್ಟರ್ ಇದೆ, ಹಲವು ವಿಷಯಗಳಲ್ಲಿ ಅದರ ಕೆಲಸ ಎಟಿ1ಗೆ ಉಲ್ಟಾ. ಸಾರ್ಟನ್ ಅದನ್ನು ಮುಟ್ಟುವುದಿಲ್ಲ. ಎಟಿ1 ಮುಚ್ಚಿದಾಗ ರಕ್ತದಲ್ಲಿ ಆಂಜಿಯೋಟೆನ್ಸಿನ್-2 ಇನ್ನೂ ಜಾಸ್ತಿಯಾಗುತ್ತದೆ, ಅದು ಎಟಿ2 ಕಡೆ ಹೋಗಿ ಒಳ್ಳೆಯದು ಮಾಡಬಹುದು ಅನ್ನುವ ವಾದವೂ ಇದೆ. ವಾದ ಚೆನ್ನಾಗಿದೆ. ಆದರೆ ಚೆನ್ನಾಗಿರುವ ವಾದ ಬೇರೆ, ರೋಗಿಯಲ್ಲಿ ಕಂಡ ಫಲಿತಾಂಶ ಬೇರೆ.

ಇಲ್ಲಿಗೆ ಬರೋಕೆ ಸುಮಾರು ನೂರು ವರ್ಷ ಹಿಡಿಯಿತು. 1898ರಲ್ಲಿ ಸ್ಟಾಕ್‌ಹೋಮಿನ ಕ್ಯಾರೋಲಿನ್ಸ್ಕಾ ಸಂಸ್ಥೆಯಲ್ಲಿ ರಾಬರ್ಟ್ ಟೀಗರ್‌ಸ್ಟೆಟ್ ಮತ್ತು ಪೆರ್ ಬರ್ಗ್‌ಮನ್ ಮೊಲದ ಕಿಡ್ನಿಯ ಸಾರವನ್ನು ಚುಚ್ಚಿದಾಗ ಬಿಪಿ ಏರುವುದನ್ನು ಕಂಡು ರೆನಿನ್ ಅಂತ ಹೆಸರಿಟ್ಟರು. ಆಂಜಿಯೋಟೆನ್ಸಿನ್ ಸಿಕ್ಕಿದ್ದು 1940ರ ಆಸುಪಾಸು, ಅರ್ಜೆಂಟೀನಾ ಮತ್ತು ಅಮೆರಿಕದಲ್ಲಿ ಎರಡು ತಂಡಗಳಿಗೆ ಬೇರೆ ಬೇರೆಯಾಗಿ. ಈ ಸರಪಳಿ ತಡೆಯುವ ಮೊದಲ ಯಶಸ್ವಿ ಮಾತ್ರೆ ಕ್ಯಾಪ್ಟೋಪ್ರಿಲ್, 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದಕ್ಕೆ ದಾರಿ ತೋರಿಸಿದ್ದು ಜರರಾಕ ಎಂಬ ಬ್ರೆಜಿಲಿನ ಹಾವಿನ ವಿಷ. ಕ್ಯಾಪ್ಟೋಪ್ರಿಲ್ ಎಸಿಇ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಒಳ್ಳೆ ಮಾತ್ರೆ, ಈಗಲೂ ಆ ಗುಂಪಿನ ರ್‍ಯಾಮಿಪ್ರಿಲ್, ಎನಾಲಾಪ್ರಿಲ್ ಬಳಕೆಯಲ್ಲಿವೆ. ಆದರೆ ಎಸಿಇ ಕಿಣ್ವಕ್ಕೆ ಬ್ರಾಡಿಕೈನಿನ್ ಎಂಬ ಇನ್ನೊಂದು ವಸ್ತುವನ್ನು ಒಡೆಯುವ ಕೆಲಸವೂ ಇದೆ. ಅದು ನಿಂತಾಗ ಬ್ರಾಡಿಕೈನಿನ್ ಸೇರಿಕೊಂಡು, ಸುಮಾರು ಹತ್ತರಲ್ಲಿ ಒಬ್ಬರಿಗೆ ಒಣಕೆಮ್ಮು ಶುರುವಾಗುತ್ತದೆ. ಅಪರೂಪಕ್ಕೆ ತುಟಿ, ನಾಲಿಗೆ, ಗಂಟಲು ಊದಿಕೊಳ್ಳುತ್ತವೆ, ಅದು ಜೀವಕ್ಕೇ ಅಪಾಯ.

ಕಿಣ್ವದ ತಂಟೆಗೇ ಹೋಗದೆ ಕೊನೆಯಲ್ಲಿ ರಿಸೆಪ್ಟರನ್ನೇ ಮುಚ್ಚಿದರೆ ಹೇಗೆ ಎಂಬ ಯೋಚನೆ ಹಳೆಯದೇ. 1970ರ ದಶಕದಲ್ಲಿ ಸರಲಾಸಿನ್ ಅಂತ ಒಂದು ಔಷಧಿ ಇತ್ತು, ಆದರೆ ಅದನ್ನು ರಕ್ತನಾಳಕ್ಕೇ ಕೊಡಬೇಕಿತ್ತು, ಕೆಲವೊಮ್ಮೆ ಅದು ತಾನೇ ಬಿಪಿ ಏರಿಸುತ್ತಿತ್ತು. ಜಪಾನಿನ ಟಕೇಡ ಕಂಪನಿ 1980ರ ದಶಕದ ಶುರುವಿನಲ್ಲಿ ಪೇಟೆಂಟ್ ಮಾಡಿಸಿದ ಕೆಲವು ಸಣ್ಣ ಅಣುಗಳನ್ನು ಹಿಡಿದು ಅಮೆರಿಕದ ಡ್ಯೂಪಾಂಟ್ ಕಂಪನಿಯ ವಿಜ್ಞಾನಿಗಳು ಕೆಲಸ ಮುಂದುವರಿಸಿದರು. ಅದರಿಂದ ಹುಟ್ಟಿದ್ದು ಲೋಸಾರ್ಟನ್. 1995ರಲ್ಲಿ ಮಾರುಕಟ್ಟೆಗೆ ಬಂತು. ಕೆಮ್ಮಿನ ಕಾಟ ಬಹುಪಾಲು ತಪ್ಪಿತು.

ಈಗ ಕಿಡ್ನಿ ವಿಷಯಕ್ಕೆ ಬರೋಣ. ನನಗೆ ಈ ಕಥೆಯಲ್ಲಿ ಅತಿ ಮುಖ್ಯ ಅನ್ನಿಸುವ ಭಾಗ ಇದು, ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಕಿಡ್ನಿಯಲ್ಲಿ ರಕ್ತ ಸೋಸುವ ಲಕ್ಷಾಂತರ ಪುಟಾಣಿ ಉಂಡೆಗಳಿವೆ, ಪ್ರತಿಯೊಂದೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೊಂಚಲು. ರಕ್ತ ಒಳಗೆ ಬರಲು ಒಂದು ನಾಳ, ಹೊರಗೆ ಹೋಗಲು ಒಂದು ನಾಳ. ಆಂಜಿಯೋಟೆನ್ಸಿನ್-2 ಹೊರಹೋಗುವ ನಾಳವನ್ನು ಹೆಚ್ಚಾಗಿ ಬಿಗಿ ಮಾಡುತ್ತದೆ. ನೀರು ಹರಿಯುತ್ತಿರುವ ಪೈಪಿನ ತುದಿಯನ್ನು ಬೆರಳಿನಿಂದ ಅದುಮಿದರೆ ಹಿಂದೆ ಒತ್ತಡ ಏರುತ್ತದಲ್ಲ, ಹಾಗೆ ಗೊಂಚಲಿನೊಳಗೆ ಒತ್ತಡ ಏರುತ್ತದೆ. ಶುಗರ್ ಇರುವವರಲ್ಲಿ ಈ ಒತ್ತಡ ಮೊದಲೇ ಜಾಸ್ತಿ ಇರುತ್ತದೆ. ಬರಬರುತ್ತಾ ಜರಡಿ ಸಡಿಲವಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗುತ್ತದೆ. ಸಾರ್ಟನ್ ಆ ಹೊರಹೋಗುವ ನಾಳವನ್ನು ಸಡಿಲಗೊಳಿಸುತ್ತದೆ. ಇದು ತೋಳಿನಲ್ಲಿ ಅಳೆಯುವ ಬಿಪಿಯಲ್ಲಿ ಕಾಣುವ ಬದಲಾವಣೆ ಅಲ್ಲ, ಕಿಡ್ನಿಯ ಒಳಗಿನ ಬದಲಾವಣೆ.

ಇದು ಬರೀ ಸಿದ್ಧಾಂತವೋ ನಿಜವೋ ಅಂತ ನೋಡಿದ್ದು 2001ರಲ್ಲಿ ಪ್ರಕಟವಾದ ಐಡಿಎನ್‌ಟಿ ಎಂಬ ಟ್ರಯಲ್. ಟೈಪ್-2 ಡಯಾಬಿಟಿಸ್‌ನಿಂದ ಕಿಡ್ನಿ ಹಾಳಾಗುತ್ತಿದ್ದ 1,715 ಮಂದಿ. ಒಂದು ಗುಂಪಿಗೆ ಇರ್ಬೆಸಾರ್ಟನ್, ಇನ್ನೊಂದಕ್ಕೆ ಆಮ್ಲೋಡಿಪಿನ್ ಎಂಬ ಬೇರೆ ಗುಂಪಿನ ಬಿಪಿ ಮಾತ್ರೆ, ಮೂರನೆಯದಕ್ಕೆ ಪ್ಲಸೀಬೊ, ಅಂದರೆ ಔಷಧಿಯಿಲ್ಲದ ಖಾಲಿ ಮಾತ್ರೆ. ಮೂರೂ ಗುಂಪಿಗೆ ಬೇಕಾದಷ್ಟು ಬೇರೆ ಬಿಪಿ ಮಾತ್ರೆಗಳನ್ನೂ ಕೊಟ್ಟರು. ಇರ್ಬೆಸಾರ್ಟನ್ ಗುಂಪಿನ ಸರಾಸರಿ ಬಿಪಿ 140/77, ಆಮ್ಲೋಡಿಪಿನ್ ಗುಂಪಿನದು 141/77. ಅಂದರೆ ಒಂದೇ. ಆದರೂ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ) ದುಪ್ಪಟ್ಟಾಗುವುದು, ಡಯಾಲಿಸಿಸ್ ಹಂತ ತಲುಪುವುದು, ಸಾವು, ಈ ಮೂರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಇರ್ಬೆಸಾರ್ಟನ್ ತಗೊಂಡವರಲ್ಲಿ ಅಪಾಯ ಆಮ್ಲೋಡಿಪಿನ್ ತಗೊಂಡವರಿಗಿಂತ 23% ಕಡಿಮೆ ಇತ್ತು. ಬಿಪಿ ಸಮ ಇದ್ದಾಗಲೂ ಉಳಿದುಕೊಂಡ ಲಾಭ ಅಂದರೆ ಇದು. ಅದೇ ವರ್ಷ ಬಂದ ರೀನಾಲ್ ಟ್ರಯಲ್‌ನಲ್ಲಿ 1,513 ಮಂದಿಯಲ್ಲಿ ಲೋಸಾರ್ಟನ್, ಪ್ಲಸೀಬೊಗೆ ಹೋಲಿಸಿದರೆ, ಕಿಡ್ನಿ ಪೂರ್ತಿ ಕೈಕೊಡುವ ಅಪಾಯವನ್ನು 28% ತಗ್ಗಿಸಿತು. ಎರಡರಲ್ಲೂ ಸಾವಿನ ಸಂಖ್ಯೆ ಮಾತ್ರ ಕಡಿಮೆ ಆಗಲಿಲ್ಲ. ಇದನ್ನು ಮುಚ್ಚಿಡಬಾರದು. ಆದರೂ ಡಯಾಲಿಸಿಸ್ ಮುಂದಕ್ಕೆ ಹೋಗುವುದು ಸಣ್ಣ ಮಾತಲ್ಲ.

ಈ ಒಳಗಿನ ಕೆಲಸ ಗೊತ್ತಿದ್ದರೆ ಒಂದು ಭಯ ತಪ್ಪುತ್ತದೆ. ಮಾತ್ರೆ ಶುರು ಮಾಡಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಕೆಲವರಿಗೆ ಕ್ರಿಯಾಟಿನಿನ್ ಸ್ವಲ್ಪ ಏರಿರುತ್ತದೆ. ಕಿಡ್ನಿಗೆ ಒಳ್ಳೆಯದು ಅಂತ ಕೊಟ್ಟ ಮಾತ್ರೆಯಿಂದಲೇ ಕಿಡ್ನಿ ಹಾಳಾಯ್ತು ಅಂತ ಗಾಬರಿಯಾಗಿ ಮಾತ್ರೆ ಬಿಟ್ಟವರಿದ್ದಾರೆ. ಗೊಂಚಲಿನೊಳಗಿನ ಒತ್ತಡ ಇಳಿದರೆ ಸೋಸುವ ವೇಗ ತುಸು ಇಳಿಯಲೇಬೇಕು, ಕ್ರಿಯಾಟಿನಿನ್ ತುಸು ಏರಲೇಬೇಕು. ಕೆಡಿಗೋ ಎಂಬ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿಯ ಪ್ರಕಾರ 2ರಿಂದ 4 ವಾರದೊಳಗೆ ಪರೀಕ್ಷೆ ಮಾಡಿಸಬೇಕು, 4 ವಾರದಲ್ಲಿ 30% ದಾಟದ ಏರಿಕೆಯಾದರೆ ಮಾತ್ರೆ ಮುಂದುವರಿಸಬಹುದು. ಅದಕ್ಕಿಂತ ಜಾಸ್ತಿ ಏರಿದರೆ ಕಾರಣ ಹುಡುಕಬೇಕು. ಕಿಡ್ನಿಗೆ ಹೋಗುವ ರಕ್ತನಾಳವೇ ಕಿರಿದಾಗಿರಬಹುದು, ಮೈಯಲ್ಲಿ ನೀರು ಕಡಿಮೆ ಇರಬಹುದು.

ಇಲ್ಲಿಂದ ಮುಂದೆ ಸಂಶೋಧಕರಿಗೆ ಸಹಜವಾಗಿಯೇ ಒಂದು ಆಸೆ ಬಂತು. ಸರಪಳಿಯನ್ನು ಒಂದು ಕಡೆ ತಡೆದರೆ ಇಷ್ಟು ಲಾಭ, ಎರಡು ಕಡೆ ತಡೆದರೆ? ಎಸಿಇ ಕಟ್ಟಿಹಾಕುವ ಮಾತ್ರೆ (ಚಿಕ್ಕದಾಗಿ ಎಸಿಇ ಮಾತ್ರೆ) ಮತ್ತು ಸಾರ್ಟನ್ ಎರಡನ್ನೂ ಒಟ್ಟಿಗೆ ಕೊಟ್ಟು ನೋಡಿದರು. ಮೂತ್ರದ ಪ್ರೋಟೀನ್ ಇನ್ನೂ ಚೆನ್ನಾಗಿ ಇಳಿಯಿತು. ಎಲ್ಲರಿಗೂ ಖುಷಿ. 2008ರಲ್ಲಿ ಆನ್‌ಟಾರ್ಗೆಟ್ ಟ್ರಯಲ್‌ನ ಫಲಿತಾಂಶ ಬಂತು, 25,620 ರೋಗಿಗಳು. ಟೆಲ್ಮಿಸಾರ್ಟನ್ ಒಂದೇ ಕೊಟ್ಟಾಗ ರ್‍ಯಾಮಿಪ್ರಿಲ್‌ನಷ್ಟೇ ಚೆನ್ನಾಗಿ ಕೆಲಸ ಮಾಡಿತು. ಎರಡೂ ಸೇರಿಸಿ ಕೊಟ್ಟಾಗ ಹೃದಯಕ್ಕೆ ಹೆಚ್ಚಿನ ಲಾಭ ಏನೂ ಇಲ್ಲ, ತಲೆಸುತ್ತು ಜಾಸ್ತಿ, ಡಯಾಲಿಸಿಸ್ ಬೇಕಾದವರು ಜಾಸ್ತಿ. ಪ್ರೋಟೀನ್ ಇಳಿದಿತ್ತು, ಕಿಡ್ನಿ ಮಾತ್ರ ಉಳಿಯಲಿಲ್ಲ! ಡಯಾಬಿಟಿಸ್‌ನಿಂದ ಕಿಡ್ನಿ ಕೆಟ್ಟವರಲ್ಲೇ ಇದನ್ನು ನೋಡಲು ಅಮೆರಿಕದಲ್ಲಿ ನಡೆಸಿದ ವಿಎ ನೆಫ್ರಾನ್-ಡಿ ಟ್ರಯಲ್ ಅನ್ನು ಪೊಟ್ಯಾಸಿಯಂ ಏರಿಕೆ ಮತ್ತು ಕಿಡ್ನಿಗೆ ದಿಢೀರ್ ಪೆಟ್ಟಿನ ಕಾರಣಕ್ಕೆ ಅರ್ಧದಲ್ಲೇ ನಿಲ್ಲಿಸಬೇಕಾಯಿತು, ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಲ್ಯಾಬ್ ವರದಿಯ ಒಂದು ಅಂಕಿ ಸುಧಾರಿಸಿತು ಅಂದರೆ ರೋಗಿ ಸುಧಾರಿಸಿದ ಅಂತ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಈಗ ಈ ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ. ಅದರ ಬದಲು ಬೇರೆ ದಾರಿಯಲ್ಲಿ ಕೆಲಸ ಮಾಡುವ ಮಾತ್ರೆ ಜೊತೆಗೆ ಕೊಡುತ್ತಾರೆ. 2019ರ ಕ್ರೆಡೆನ್ಸ್ ಟ್ರಯಲ್‌ನಲ್ಲಿ 4,401 ರೋಗಿಗಳೂ ಮೊದಲೇ ಎಸಿಇ ಮಾತ್ರೆ ಅಥವಾ ಸಾರ್ಟನ್ ತಗೊಳ್ಳುತ್ತಿದ್ದರು. ಅದರ ಮೇಲೆ ಕ್ಯಾನಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ಕೊಟ್ಟಾಗ ಕಿಡ್ನಿಯ ಮುಖ್ಯ ತೊಂದರೆಗಳು ಇನ್ನೂ 30% ಕಡಿಮೆಯಾದವು.

ಹೃದಯದ ಬಗ್ಗೆ ಚಿತ್ರ ಸಾಕಷ್ಟು ಗಟ್ಟಿ. ಹಾರ್ಟ್ ಫೇಲ್ಯೂರ್ ಇದ್ದು ಎಸಿಇ ಮಾತ್ರೆ ಒಗ್ಗದ 2,028 ಜನರ ಮೇಲೆ ಕ್ಯಾಂಡೆಸಾರ್ಟನ್ ಪರೀಕ್ಷಿಸಿದ 2003ರ ಚಾರ್ಮ್ ಟ್ರಯಲ್‌ನಲ್ಲಿ, ಹೃದಯದ ಕಾರಣಕ್ಕೆ ಸತ್ತವರು ಅಥವಾ ಹಾರ್ಟ್ ಫೇಲ್ಯೂರ್‌ಗೆ ಆಸ್ಪತ್ರೆ ಸೇರಿದವರು ಪ್ಲಸೀಬೊ ಗುಂಪಿನಲ್ಲಿ ನೂರಕ್ಕೆ 40, ಮಾತ್ರೆ ಗುಂಪಿನಲ್ಲಿ 33. ಸ್ಟ್ರೋಕ್ ವಿಷಯದಲ್ಲಿ ಎಲ್ಲರೂ ಹೇಳುವುದು 2002ರ ಲೈಫ್ ಟ್ರಯಲ್: 9,193 ಮಂದಿ, ಬಿಪಿ ಹೆಚ್ಚುಕಡಿಮೆ ಸಮ, ಲೋಸಾರ್ಟನ್ ಗುಂಪಿನಲ್ಲಿ ಸ್ಟ್ರೋಕ್ 25% ಕಡಿಮೆ. ಆದರೆ ಎದುರಿಗಿದ್ದದ್ದು ಅಟೆನೊಲಾಲ್, ಬೀಟಾ ಬ್ಲಾಕರ್ ಎಂಬ ಗುಂಪಿನ ಬಿಪಿ ಮಾತ್ರೆ. ಸ್ಟ್ರೋಕ್ ತಡೆಯುವುದರಲ್ಲಿ ಅಟೆನೊಲಾಲ್ ಉಳಿದ ಬಿಪಿ ಮಾತ್ರೆಗಳಿಗಿಂತ ಹಿಂದೆ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಗೆಲುವಿನಲ್ಲಿ ಲೋಸಾರ್ಟನ್ ಪಾಲು ಎಷ್ಟು, ಎದುರಾಳಿಯ ಬಲಹೀನತೆ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಟ್ರಯಲ್ ಓದುವಾಗ ಯಾವುದಕ್ಕೆ ಹೋಲಿಸಿದ್ದಾರೆ ಅಂತ ಮೊದಲು ನೋಡಬೇಕು ಅನ್ನೋದು ಇದಕ್ಕೇ.

ಶುಗರ್ ತಡೆಯುತ್ತದಾ? ತಡೆಯುತ್ತದೆ, ಸ್ವಲ್ಪ. 2010ರ ನ್ಯಾವಿಗೇಟರ್ ಟ್ರಯಲ್‌ನಲ್ಲಿ ಶುಗರ್ ಬರುವ ಅಂಚಿನಲ್ಲಿದ್ದ 9,306 ಮಂದಿಯಲ್ಲಿ ವಾಲ್ಸಾರ್ಟನ್ ಡಯಾಬಿಟಿಸ್ ಅಪಾಯವನ್ನು 14% ತಗ್ಗಿಸಿತು. ಸುಮಾರು ಐದು ವರ್ಷದಲ್ಲಿ ಪ್ಲಸೀಬೊ ಗುಂಪಿನ ನೂರರಲ್ಲಿ 37 ಮಂದಿಗೆ, ವಾಲ್ಸಾರ್ಟನ್ ಗುಂಪಿನ ನೂರರಲ್ಲಿ 33 ಮಂದಿಗೆ ಡಯಾಬಿಟಿಸ್ ಬಂತು. ಹೃದಯದ ತೊಂದರೆಗಳು ಇಳಿಯಲಿಲ್ಲ. ಬಿಪಿ ಹೇಗೂ ಇದ್ದು, ಮಾತ್ರೆ ಹೇಗೂ ಬೇಕಾಗಿದ್ದರೆ ಇದು ಒಳ್ಳೆಯದೇ. ಶುಗರ್ ತಡೆಯಲೆಂದೇ ತಗೊಳ್ಳುವಷ್ಟು ದೊಡ್ಡ ಲಾಭ ಅಲ್ಲ. ಟೆಲ್ಮಿಸಾರ್ಟನ್ ಪಿಪಿಎಆರ್-ಗಾಮಾ ಎಂಬ, ಇನ್ಸುಲಿನ್ ಕೆಲಸಕ್ಕೆ ಸಂಬಂಧಿಸಿದ ರಿಸೆಪ್ಟರನ್ನೂ ಅರೆಬರೆ ಚುರುಕು ಮಾಡುತ್ತದೆ ಅಂತ 2004ರಲ್ಲಿ ಗೊತ್ತಾದಾಗ ತುಂಬಾ ನಿರೀಕ್ಷೆ ಹುಟ್ಟಿತ್ತು. ದೊಡ್ಡ ಟ್ರಯಲ್‌ಗಳಲ್ಲಿ ಅದು ಸ್ಪಷ್ಟ ವ್ಯತ್ಯಾಸವಾಗಿ ಕಾಣಿಸಲಿಲ್ಲ. ಲೋಸಾರ್ಟನ್‌ಗೆ ಮಾತ್ರ ಇರುವ ಒಂದು ಸಣ್ಣ ಗುಣ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ: ಅದು ಯೂರಿಕ್ ಆಸಿಡ್ ಅನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಬಿಪಿ ಜೊತೆ ಗೌಟ್ (ಯೂರಿಕ್ ಆಸಿಡ್ ಸೇರಿಕೊಂಡು ಬರುವ ಕೀಲುನೋವು) ಇರುವವರಿಗೆ ಅನುಕೂಲ.

ಮಾರ್ಫನ್ ಸಿಂಡ್ರೋಮ್ ಕಥೆಯನ್ನು ನಾನು ಬಿಡಲಾರೆ. ಹುಟ್ಟಿನಿಂದ ಬರುವ ಈ ಕಾಯಿಲೆಯಲ್ಲಿ ಹೃದಯದಿಂದ ಹೊರಡುವ ಮಹಾಧಮನಿ ನಿಧಾನಕ್ಕೆ ಉಬ್ಬುತ್ತಾ ಹೋಗಿ ಒಂದು ದಿನ ಸೀಳಬಹುದು. 2006ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಹ್ಯಾರಿ ಡೀಟ್ಜ್ ಅವರ ತಂಡ ಈ ಕಾಯಿಲೆ ಇರುವ ಇಲಿಗಳಿಗೆ ಲೋಸಾರ್ಟನ್ ಕೊಟ್ಟಾಗ ಉಬ್ಬುವುದೇ ನಿಂತುಬಿಟ್ಟಿತು. ಅಂಥ ಫಲಿತಾಂಶ ನೋಡಿ ಪೋಷಕರಿಗೆ ಎಷ್ಟು ಆಸೆ ಬಂದಿರಬೇಕು! 2014ರಲ್ಲಿ 608 ಮಕ್ಕಳು ಮತ್ತು ಯುವಜನರ ಟ್ರಯಲ್ ಬಂತು. ಮೂರು ವರ್ಷದಲ್ಲಿ ಲೋಸಾರ್ಟನ್‌ಗೂ ಅಟೆನೊಲಾಲ್‌ಗೂ ವ್ಯತ್ಯಾಸ ಇರಲಿಲ್ಲ. ಅಲ್ಲಿಗೆ ಮುಗಿಯಿತು ಅಂತ ಹಲವರು ಅಂದುಕೊಂಡರು. ಮುಗಿಯಲಿಲ್ಲ. 2022ರಲ್ಲಿ ಎಲ್ಲ ಟ್ರಯಲ್‌ಗಳ ರೋಗಿಗಳ ಮಾಹಿತಿ ಒಟ್ಟು ಸೇರಿಸಿ ನೋಡಿದಾಗ, ಸಾರ್ಟನ್ ಇಲ್ಲದವರಿಗೆ ಹೋಲಿಸಿದರೆ ಸಾರ್ಟನ್ ತಗೊಂಡವರಲ್ಲಿ ಉಬ್ಬುವ ವೇಗ ಸುಮಾರು ಅರ್ಧಕ್ಕೆ ಇಳಿದಿತ್ತು, ಬೀಟಾ ಬ್ಲಾಕರ್ ಜೊತೆಗೆ ಕೊಟ್ಟಾಗಲೂ. ಇಲಿಯಲ್ಲಿ ಕಂಡ ಪವಾಡ ಅಲ್ಲ, ಆದರೆ ಸೊನ್ನೆಯೂ ಅಲ್ಲ.

ಮಿದುಳಿನ ವಿಷಯದಲ್ಲಿ ನಾನು ತುಂಬಾ ಎಚ್ಚರದಿಂದ ಮಾತಾಡುತ್ತೇನೆ. 2010ರಲ್ಲಿ ಅಮೆರಿಕದ ಮಾಜಿ ಸೈನಿಕರ ದಾಖಲೆಗಳನ್ನು ನೋಡಿದ ಅಧ್ಯಯನದಲ್ಲಿ ಸಾರ್ಟನ್ ತಗೊಳ್ಳುತ್ತಿದ್ದವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಕಡಿಮೆ ಕಂಡಿತು. ದಾಖಲೆ ನೋಡಿ ಮಾಡುವ ಅಧ್ಯಯನದಲ್ಲಿ ಒಂದು ತೊಡಕಿದೆ: ಯಾರಿಗೆ ಯಾವ ಮಾತ್ರೆ ಅಂತ ಚೀಟಿ ಎತ್ತಿ ನಿರ್ಧರಿಸಿಲ್ಲ, ಡಾಕ್ಟರು ರೋಗಿಯನ್ನು ನೋಡಿ ಬರೆದಿದ್ದಾರೆ. ಹೊಸ ಮಾತ್ರೆ ಪಡೆದವರು ಬೇರೆ ರೀತಿಯಲ್ಲೂ ಆರೋಗ್ಯವಂತರಾಗಿರಬಹುದು. 2021ರಲ್ಲಿ ಬ್ರಿಟನ್ನಿನ ರೇಡಾರ್ ಟ್ರಯಲ್ ಅಲ್ಝೈಮರ್ ಇರುವವರಿಗೆ ಒಂದು ವರ್ಷ ಲೋಸಾರ್ಟನ್ ಅಥವಾ ಪ್ಲಸೀಬೊ ಕೊಟ್ಟು ಮಿದುಳು ಕುಗ್ಗುವುದನ್ನು ಎಂಆರ್‌ಐನಲ್ಲಿ ಅಳೆಯಿತು. ವ್ಯತ್ಯಾಸ ಇರಲಿಲ್ಲ. ಕಾಯಿಲೆ ಆಗಲೇ ಬಂದಾಗಿತ್ತು, ಒಂದು ವರ್ಷ ಸಾಲದು ಅನ್ನುವ ಮಾತಿನಲ್ಲಿ ಹುರುಳಿದೆ. ಆದರೆ ಇವತ್ತಿಗೆ ಮರೆವು ತಡೆಯಲು ಸಾರ್ಟನ್ ತಗೊಳ್ಳಿ ಅನ್ನಲು ಆಧಾರ ಇಲ್ಲ. ಮಧ್ಯವಯಸ್ಸಿನಿಂದಲೇ ಬಿಪಿ ಹತೋಟಿಯಲ್ಲಿಡುವುದು ಮಿದುಳಿಗೆ ಒಳ್ಳೆಯದು ಅನ್ನುವುದಕ್ಕೆ ಇದೆ, ಮಾತ್ರೆ ಯಾವುದೇ ಇರಲಿ.

ಮೈಗ್ರೇನ್ ಮಾತ್ರ ಬೇರೆ ಥರ. 2003ರಲ್ಲಿ ನಾರ್ವೆಯಲ್ಲಿ 60 ರೋಗಿಗಳಿಗೆ 12 ವಾರ ಪ್ಲಸೀಬೊ, 12 ವಾರ ಕ್ಯಾಂಡೆಸಾರ್ಟನ್ ಕೊಟ್ಟು ನೋಡಿದರು. ತಲೆನೋವಿನ ದಿನಗಳು 18.5ರಿಂದ 13.6ಕ್ಕೆ ಇಳಿದವು. ಚಿಕ್ಕ ಟ್ರಯಲ್, ಆದರೆ ಅದೇ ರೋಗಿಗಳನ್ನು ಎರಡೂ ಕಡೆ ಹೋಲಿಸಿದ್ದರಿಂದ ನಂಬಲು ಅರ್ಹ. ಈಗ ಮೈಗ್ರೇನ್ ಬರದ ಹಾಗೆ ತಡೆಯಲು ವೈದ್ಯರು ಕ್ಯಾಂಡೆಸಾರ್ಟನ್ ಬರೆಯುವುದಿದೆ.

ಇನ್ನು ಕ್ಯಾನ್ಸರ್ ಭಯ. ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ. 2010ರಲ್ಲಿ ಕೆಲವು ಟ್ರಯಲ್‌ಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ, ಸಾರ್ಟನ್ ಗುಂಪಿನಲ್ಲಿ 7.2% ಜನರಿಗೆ, ಉಳಿದವರಲ್ಲಿ 6.0% ಜನರಿಗೆ ಕ್ಯಾನ್ಸರ್ ಕಂಡಿತು ಅಂದಿತು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸುಮ್ಮನೆ ಕೂರಲಿಲ್ಲ, 31 ಟ್ರಯಲ್‌ಗಳ ಸುಮಾರು 1,56,000 ರೋಗಿಗಳ ಮಾಹಿತಿ ತರಿಸಿ ನೋಡಿ, 2011ರಲ್ಲಿ ಅಪಾಯ ಹೆಚ್ಚಿಲ್ಲ ಅಂತ ಹೇಳಿತು. 2018ರಲ್ಲಿ ಆದದ್ದು ಬೇರೆಯೇ. ಚೀನಾದ ಒಂದು ಕಾರ್ಖಾನೆ ತಯಾರಿಸಿದ ವಾಲ್ಸಾರ್ಟನ್‌ನಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶ ಸಿಕ್ಕಿತು. ತಯಾರಿಕೆಯ ವಿಧಾನ ಬದಲಾಯಿಸಿದಾಗ ಬಳಸಿದ ದ್ರಾವಕ ಮತ್ತು ಸೋಡಿಯಂ ನೈಟ್ರೈಟ್ ಸೇರಿ ಅದು ಹುಟ್ಟಿತ್ತು. ಹಲವು ದೇಶಗಳಲ್ಲಿ ಮಾತ್ರೆಗಳನ್ನು ವಾಪಸ್ ತರಿಸಿಕೊಂಡರು. ದೋಷ ಇದ್ದದ್ದು ತಯಾರಿಕೆಯಲ್ಲಿ, ವಾಲ್ಸಾರ್ಟನ್ ಅಣುವಿನಲ್ಲಲ್ಲ.

2020ರಲ್ಲೂ ಇಂಥದ್ದೇ ಗಾಬರಿ ಎದ್ದಿತ್ತು. ಕೊರೊನಾ ವೈರಸ್ ಜೀವಕೋಶದೊಳಗೆ ಹೋಗಲು ಅದರ ಮೇಲಿರುವ ಎಸಿಇ2 ಎಂಬ ಪ್ರೋಟೀನ್ ಬಳಸುತ್ತದೆ, ಈ ಮಾತ್ರೆಗಳು ಅದನ್ನು ಹೆಚ್ಚಿಸಬಹುದು, ಆದ್ದರಿಂದ ನಿಲ್ಲಿಸಿ ಅಂತ. ಬ್ರೆಜಿಲಿನಲ್ಲಿ ಆಸ್ಪತ್ರೆ ಸೇರಿದ 659 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಈ ಮಾತ್ರೆಗಳನ್ನು 30 ದಿನ ನಿಲ್ಲಿಸಿ, ಉಳಿದವರಿಗೆ ಮುಂದುವರಿಸಿ ನೋಡಿದರು. ನಿಲ್ಲಿಸಿದ್ದರಿಂದ ಏನೂ ಲಾಭ ಆಗಲಿಲ್ಲ.

ನಿಜಕ್ಕೂ ಹುಷಾರಾಗಿರಬೇಕಾದ ಸಂದರ್ಭಗಳು ಬೇರೆ ಇವೆ, ಅವುಗಳ ಬಗ್ಗೆ ಯಾರೂ ಅಷ್ಟು ಗದ್ದಲ ಮಾಡುವುದಿಲ್ಲ. ಗರ್ಭಿಣಿಯರು ಈ ಮಾತ್ರೆ ತಗೊಳ್ಳಲೇಬಾರದು, ಮಗುವಿನ ಕಿಡ್ನಿ ಬೆಳೆಯುವುದಕ್ಕೆ ಈ ವ್ಯವಸ್ಥೆ ಬೇಕೇ ಬೇಕು. ಮಗು ಬೇಕು ಅಂತ ಯೋಚಿಸುತ್ತಿರುವವರು ಮೊದಲೇ ವೈದ್ಯರಿಗೆ ಹೇಳಿ ಮಾತ್ರೆ ಬದಲಿಸಿಕೊಳ್ಳಬೇಕು. ಆಲ್ಡೋಸ್ಟೆರೋನ್ ತಗ್ಗುವುದರಿಂದ ಪೊಟ್ಯಾಸಿಯಂ ಏರಬಹುದು, ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಆ ಪೊಟ್ಟಣದ ಹಿಂಬದಿ ಓದಿ. ಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ಐಬುಪ್ರೊಫೆನ್ ಅಥವಾ ಡೈಕ್ಲೋಫೆನ್ಯಾಕ್‌ನಂಥ ನೋವಿನ ಮಾತ್ರೆ, ಈ ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಜೋರು ವಾಂತಿ-ಭೇದಿ ಆಗುತ್ತಿರುವ ದಿನಗಳಲ್ಲಿ ಮಾತ್ರೆ ತಗೊಳ್ಳಬೇಕಾ, ಎರಡು ದಿನ ತಡೆಯಬೇಕಾ ಅಂತ ವೈದ್ಯರನ್ನು ಕೇಳಿ. ಮೈಯಲ್ಲಿ ನೀರಿಲ್ಲದಾಗ ಕಿಡ್ನಿಗೆ ಅದೇ ಆಂಜಿಯೋಟೆನ್ಸಿನ್ ಬೇಕಾಗಿರುತ್ತದೆ.

ಕೊನೆಯದಾಗಿ, ಯಾರೂ ಊಹಿಸಿರದ ಒಂದು ಪರಿಣಾಮ. 2012ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು 22 ರೋಗಿಗಳ ಬಗ್ಗೆ ವರದಿ ಮಾಡಿದರು. ಬಿಡದ ಭೇದಿ, ತೂಕ ಇಳಿಕೆ, ಕರುಳಿನ ಒಳಪದರ ಸವೆತ, ನೋಡಿದರೆ ಗ್ಲೂಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯ ಹಾಗೆಯೇ. ಗ್ಲೂಟೆನ್ ಬಿಟ್ಟರೂ ಗುಣ ಆಗಲಿಲ್ಲ. ಎಲ್ಲರೂ ಓಲ್ಮೆಸಾರ್ಟನ್ ತಗೊಳ್ಳುತ್ತಿದ್ದರು, ಅದನ್ನು ನಿಲ್ಲಿಸಿದ ಮೇಲೆ ಭೇದಿ ನಿಂತಿತು. ಮರುವರ್ಷ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ತುಂಬಾ ಅಪರೂಪ ಇದು, ಆದರೆ ಮಾತ್ರೆ ಶುರು ಮಾಡಿ ತಿಂಗಳುಗಳೋ ವರ್ಷಗಳೋ ಆದ ಮೇಲೆ ಬರುವುದರಿಂದ ಯಾರಿಗೂ ಮಾತ್ರೆಯ ಮೇಲೆ ಅನುಮಾನ ಬರುವುದಿಲ್ಲ. ಕಾರಣ ಗೊತ್ತಾಗದ ಭೇದಿ ವಾರಗಟ್ಟಲೆ ಬಿಡದಿದ್ದರೆ, ಹೊಟ್ಟೆಯ ಡಾಕ್ಟರ ಮುಂದೆ ಬಿಪಿ ಮಾತ್ರೆಯ ಹೆಸರನ್ನೂ ಹೇಳಿ.